ಅಂಗಳದೊಳಗಿನ ಹಾಳು ಕಿಲ್ಲಾ

ದೀಪಾವಳಿಗೆ ಮಕ್ಕಳು ಅಂಗಳದಲ್ಲಿ ಮಣ್ಣಿನ ಕಿಲ್ಲಾ ಕಟ್ಟುವುದು ಯೆಣೆಗೂರಿಗೆ ಹೊಸದೇನಲ್ಲ. ಕಲ್ಲು ಪೇರಿಸಿ, ಗೋಣಿತಟ್ಟು ಹೊದಿಸಿ, ಕೆಸರು ಬಳಿದು, ಮೇಲೆ ಒಂದಿಷ್ಟು ಸಾಸಿವೆ ಚೆಲ್ಲಿದರೆ ಹಬ್ಬದ ಹೊತ್ತಿಗೆ ಹಸಿರು ಬಂದು ಕಿಲ್ಲಾ ತಯಾರು. ಬಜಾರದಿಂದ ತಂದ ಮಣ್ಣಿನ ಸಿಪಾಯಿಗಳನ್ನು ನಿಲ್ಲಿಸಿ ಪಣತಿ ಹಚ್ಚಿದರೆ ಮುಗಿಯಿತು. ಆದರೆ ಬಿದ್ದುಹೋದ ಕಿಲ್ಲೆಯನ್ನೇ ಬೇಕಂತ ಕಟ್ಟುವವರನ್ನು ಊರು ಕಂಡಿದ್ದು ಮಾಣಿಕಪ್ಪನ ಸೊಸೆ ಬಂದ ಮೇಲೆಯೇ. ಕಟ್ಟಿದ್ದನ್ನು ತಾನೇ ಕೆಡವುತ್ತಾಳೆ, ಕೆಡವಿದ್ದನ್ನು ಕಣ್ತುಂಬ ನೋಡುತ್ತಾಳೆ, ಮೇಲಿಂದ ಅದರ ಫೋಟೋ ಬೇರೆ ತೆಗೆಯುತ್ತಾಳೆ. ಇದೆಂಥ ಹುಚ್ಚು ಎಂದು ಕೇಳಿದವರಿಗೆಲ್ಲ ಉತ್ತರ ಕೊಟ್ಟು ಅತ್ತೆ ಮುಕ್ತಾಬಾಯಿಗೆ ಸಾಕುಸಾಕಾಗಿತ್ತು.

ಸೊಸೆ ಸ್ವಪ್ನಾಲಿ ಉದಗೀರದವಳು. ಕೋಟೆಯ ನೆರಳು ಬೀಳುವಷ್ಟು ಹತ್ತಿರ ಅವಳ ತವರುಮನೆ. ಬುರುಜು, ಕಮಾನು, ಖಂದಕಗಳ ನಡುವೆ ಆಡಿಕೊಂಡು ಬೆಳೆದ ಹುಡುಗಿ ಓದಲಿಕ್ಕೆಂದು ಪುಣೆಗೆ ಹೋಗಿ ಅಲ್ಲಿ ಇನ್ನೊಂದು ಹುಚ್ಚು ಹಚ್ಚಿಕೊಂಡು ಬಂದಿದ್ದಳು. ಅಲ್ಲಿ ಒಳ್ಳೊಳ್ಳೆಯ ನೌಕರಿಯಲ್ಲಿರುವ ಗಂಡಸರು, ಹೆಂಗಸರು ರವಿವಾರ ಬಂತೆಂದರೆ ಒಂದು ದೊಡ್ಡ ಮೇಜಿನ ಸುತ್ತ ಸೇರಿ, ಹೆಬ್ಬೆರಳಿನಷ್ಟೆತ್ತರದ ಸಿಪಾಯಿಗಳನ್ನು ನಿಲ್ಲಿಸಿ, ದಾಳ ಒಗೆದು ಯುದ್ಧ ಆಡುತ್ತಾರಂತೆ. ಹೆಚ್ಚುಕಡಿಮೆ ಪಗಡೆಯ ಹಾಗೆಯೇ, ಆದರೆ ಪಗಡೆಹಾಸಿನ ಮನೆಗಳ ಬದಲು ಮೇಜಿನ ಮೇಲೆ ಗುಡ್ಡ, ಹಳ್ಳ, ಮುರಿದ ಕೋಟೆಗಳಿರುತ್ತವೆ. ಆ ಮುರಿದ ಕೋಟೆಯನ್ನು ಥರ್ಮಾಕೋಲಿನಲ್ಲಿ ಕೊರೆದು ಮಾಡುವವರು ಮೊದಲು ನೋಡುವುದು ಸ್ವಪ್ನಾಲಿ ನೆಟ್ಟಿಗೆ ಹಾಕಿದ ತನ್ನ ಅಂಗಳದ ಫೋಟೋಗಳನ್ನು.

ಕಿಲ್ಲಾ ಇದ್ದದ್ದು ಮನೆಯ ಮುಂದಿನ ಬೇವಿನ ಗಿಡದ ಬುಡದಲ್ಲಿ. ಒಂದು ಬಂಡಿ ನಿಲ್ಲುವಷ್ಟು ಜಾಗ. ಕೆಂಪು ಜಂಬಿಟ್ಟಿಗೆಯನ್ನು ಬೆರಳುದ್ದಕ್ಕೆ ಒಡೆದು ಸುಣ್ಣದಲ್ಲಿ ಕೂಡಿಸಿದ ಗೋಡೆಗಳು. ಒಂದು ಬುರುಜು ನಿಂತಿದೆ, ಇನ್ನೊಂದು ಅರ್ಧಕ್ಕೆ ಕುಸಿದಿದೆ. ಹುಳ ತಿಂದ ಜಾಲಿ ಕಟ್ಟಿಗೆಯ ಬಾಗಿಲು ಓರೆಯಾಗಿ ತೂಗುತ್ತಿದೆ. ಬಾವಿಯ ಗೋಡೆಯಿಂದ ಎಬ್ಬಿಸಿ ತಂದ ಪಾಚಿ ಒಂದು ಕಡೆ, ಬಿರುಕಿನೊಳಗಿಂದ ತಾನಾಗಿಯೇ ಎದ್ದ ಅರಳಿಯ ಸಸಿ ಒಂದು ಕಡೆ. ಮಳೆಗಾಲ ಪೂರ್ತಿ ಅದನ್ನು ಮುಚ್ಚದೆ ಬಿಟ್ಟಿದ್ದಳು. “ಅರ್ಧ ನಾ ಕಟ್ಟತೀನ್ರಿ ಅತ್ತಿ, ಅರ್ಧ ಮಳಿ ಕಟ್ಟತದ,” ಅನ್ನುತ್ತಿದ್ದಳು. ನಸುಕಿನಲ್ಲಿ ನೆಲಕ್ಕೆ ಗಲ್ಲ ಹಚ್ಚಿ ಮಲಗಿ ಅವಳು ತೆಗೆದ ಫೋಟೋದಲ್ಲಿ ಆ ಮೊಣಕಾಲೆತ್ತರದ ಗೋಡೆ ಮುಗಿಲಿಗೆ ಮುಟ್ಟುತ್ತಿತ್ತು. ಎಲ್ಲೆಲ್ಲಿಯವರೋ ಅದನ್ನು ನೋಡಿ, ತಮ್ಮ ಮೇಜಿನ ಮೇಲೆ ಅಂಥದೇ ಗೋಡೆ ಎಬ್ಬಿಸಿ, ಅದರ ಫೋಟೋ ತಿರುಗಿ ಕಳಿಸುತ್ತಿದ್ದರು.

“ಪರದೇಶದಾಗ ಭೀ ನಿನ್ನ ಸೊಸಿ ಬಿದ್ದ ಗ್ವಾಡಿಗಿ ಗಿರಾಕಿ ಅದಾವ. ನನ್ನ ನಿಂತ ಮನಿ ನೋಡ್ಲಿಕ್ಕಿ ಒಬ್ಬಂವ ಬರಲ್ಲ,” ಎಂದು ಮಾಣಿಕಪ್ಪ ಹೆಂಡತಿಯನ್ನು ಕಾಡಿಸುತ್ತಿದ್ದ.

ಇಷ್ಟೇ ಆಗಿದ್ದರೆ ಮುಕ್ತಾಬಾಯಿಯೂ ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ಆ ಕಿಲ್ಲೆಯೊಳಗೆ ಅವಳ ಮಗ ನಿಂತಿದ್ದ.

ಮಗ ಬಾಳು ಫೌಜಿನಲ್ಲಿದ್ದಾನೆ. ಮದುವೆಯಾದ ವರ್ಷ ರಜೆಗೆ ಬಂದವನು ಹೆಂಡತಿಯಿಂದ ಈ ಆಟ ಕಲಿತು, ಗಡಿಗೆ ಹೋದ ಮೇಲೂ ಬಿಡಲಿಲ್ಲ. ಎಲ್ಲರ ಮನೆಯ ಗಂಡ ಹೆಂಡತಿ ಫೋನಿನಲ್ಲಿ ಉಂಡೆಯಾ, ಮಲಗಿದೆಯಾ ಎಂದು ಮಾತಾಡಿದರೆ ಇವರಿಬ್ಬರು ಯುದ್ಧ ಮಾಡುತ್ತಿದ್ದರು. ಕಿಲ್ಲೆಯ ಒಳಗಿನ ಹಳದಿ ಪೇಟದವರು ಬಾಳುವಿನ ಕಡೆ, ಹೊರಗಿನ ಕರಿ ಅಂಗಿಯವರು ಸ್ವಪ್ನಾಲಿಯ ಕಡೆ. ಅವನು ಅಲ್ಲಿಂದ ಹೇಳಿದ ಜಾಗಕ್ಕೆ ಇವಳು ಇಲ್ಲಿ ಸಿಪಾಯಿಯನ್ನು ಸರಿಸಬೇಕು. ದಾಳವನ್ನು ಅವನಿಗೆ ಕಾಣುವ ಹಾಗೆ ಕ್ಯಾಮೆರಾದ ಮುಂದೆಯೇ ಒಗೆಯಬೇಕು. ಅವನು ನೋಡದೆ ಇದ್ದಾಗ ಕಿಲ್ಲೆಯಲ್ಲಿ ಒಂದು ಹರಳೂ ಅಲುಗಬಾರದು. ನಾಯಿ, ಆಡು ಬರದ ಹಾಗೆ ಸ್ವಪ್ನಾಲಿ ಸುತ್ತಲೂ ಜಾಲಿಮುಳ್ಳು ಇಟ್ಟಿದ್ದಳು.

ಫೋನಿನ ಆ ತುದಿಯಲ್ಲಿ ಬಾಳುವಿನ ಭುಜಕ್ಕೆ ಗಲ್ಲ ಊರಿಕೊಂಡು ನಿಲಂಗೆಯ ಕೈಲಾಸನೂ ಕೂತಿರುತ್ತಿದ್ದ. ಒಂದೇ ತುಕಡಿ, ಒಂದೇ ಬಂಕರು, ಒಂದೇ ಭಾಷೆ. ಬಾಗಿಲ ಹೊರಬದಿಗೆ ನಿಂತ ಹಳದಿ ಪೇಟದವನು ತಾನು ಎಂದು ಅವನು ಹೇಳಿಕೊಂಡಿದ್ದ. ಒಡೆದ ಗೋಡೆಯ ಬಾಯಿಗೆ ಈಟಿ ಹಿಡಿದು ನಿಂತವನು ಬಾಳು. “ಅವ್ವಾ, ನಿಮ್ಮ ಮಗಗ ಜರಾ ಬುದ್ಧಿ ಹೇಳ್ರಿ. ಯಾವಾಗ್ಲೂ ತಾನೇ ಮುಂದ ಹೋಗ್ತಾನ,” ಎಂದು ಕೈಲಾಸ ನಗುತ್ತಿದ್ದ. ಮುಕ್ತಾಬಾಯಿ ಮೊದಮೊದಲು ತಾನೂ ನಗುತ್ತಿದ್ದಳು. ಆಮೇಲೆ ಕಸ ಹೊಡೆಯುವಾಗ, ನೀರು ತರುವಾಗ, ಅವಳ ಕಣ್ಣು ತಾನಾಗಿಯೇ ಆ ಈಟಿಯವನ ಕಡೆ ಹೋಗತೊಡಗಿತು. ಇದ್ದಾನೆ ಎಂದು ನೋಡಿಕೊಂಡು ಮುಂದೆ ಹೋಗುವಳು.

ಹಬ್ಬ ಹತ್ತಿರ ಬಂದಾಗ ಸ್ವಪ್ನಾಲಿಯ ಕರಿ ಅಂಗಿಯವರು ಒಡೆದ ಗೋಡೆಯವರೆಗೆ ಬಂದು ಮುಟ್ಟಿದ್ದರು. ಅಡ್ಡ ಬಂದ ಹಳದಿ ಪೇಟದವರು ಹಲವರು ಪಾಚಿಯ ಮೇಲೆ ಮಲಗಿದ್ದರು. ಅಲ್ಲಿ ಈಟಿಯವನೊಬ್ಬನೇ ಉಳಿದು ದಾರಿ ಕಟ್ಟಿದ್ದ.

“ಹಿಂದಕ ಸರೀರಿ. ಇಲ್ಲಂದ್ರ ಮುಂದಿನ ದಾಳಕ್ಕ ನೀವು ಬೀಳ್ತೀರಿ,” ಎಂದಳು ಸ್ವಪ್ನಾಲಿ.

“ನಾ ಹಿಂದಕ ಸರಿಯಲ್ಲ. ಅಲ್ಲೇ ನಿಲ್ತೀನಿ,” ಎಂದ ಬಾಳು. “ಈಗ ಡ್ಯೂಟಿ ಅದ. ನಾಳಿ ನಾ ಬಂದ ಮ್ಯಾಲ ದಾಳ ಒಗಿ.”

ಮರುದಿನ ಅವನು ಫೋನಿಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಫೋನು ಹಚ್ಚಿದರೆ ಹೆಂಗಸೊಬ್ಬಳು ಇಂಗ್ಲಿಷಿನಲ್ಲಿ ಏನೋ ಹೇಳಿ ಕಟ್ ಮಾಡುತ್ತಿದ್ದಳು. ಗಡಿಯಲ್ಲಿ ಮೊದಲೂ ಹೀಗೆ ಲೈನು ಹೋಗಿದ್ದುಂಟು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಆದರೆ ಸಂಜೆ ಟಿವಿಯಲ್ಲಿ ಗಡಿಯ ಆ ಭಾಗದಲ್ಲೇ ಗುಂಡು ಹಾರಿವೆ, ಕೆಲವರಿಗೆ ಏಟಾಗಿದೆ, ಹೆಸರು ಇನ್ನೂ ಗೊತ್ತಾಗಿಲ್ಲ ಎಂದು ಬಂತು. ಮಾಣಿಕಪ್ಪ ಎದ್ದು ಹೋಗಿ ಟಿವಿಯ ವೈರನ್ನೇ ಕಿತ್ತಿಟ್ಟ. ಆಮೇಲೆ ಯಾರ್ಯಾರದೋ ನಂಬರು ಹಿಡಿದು ಫೋನು ಮಾಡಿದ. “ಎಲ್ಲಾ ಠೀಕ ಅದ, ಲೈನ್ ಅಷ್ಟೇ ಬಂದ್ ಅವ ಅಂದ್ರು,” ಎಂದು ಹೆಂಡತಿಗೆ ಬಂದು ಹೇಳಿದ. ಹೇಳುವಾಗ ಮುಖ ನೋಡಲಿಲ್ಲ. ಮುಕ್ತಾಬಾಯಿಗೆ ಆ ಮಾತಿಗಿಂತ ಆ ತಿರುಗಿದ ಮುಖವೇ ಖರೆ ಅನ್ನಿಸಿತು.

ಹಬ್ಬ ಮಾತ್ರ ಯಾರಿಗೂ ಕಾಯುವುದಿಲ್ಲ. ಮನೆಗೆ ಸುಣ್ಣ ಆಗಬೇಕು, ಭಾಂಡೆ ಬೆಳಗಬೇಕು, ಚಕ್ಕುಲಿ, ಕರಜಿಕಾಯಿ ಕರಿಯಬೇಕು. ಮುಕ್ತಾಬಾಯಿ ಎಲ್ಲವನ್ನೂ ಮಾಡಿದಳು. ಎಣ್ಣೆಯ ಮುಂದೆ ಕೂತವಳ ಕೈಯಲ್ಲಿ ಚಕ್ಕುಲಿ ಮುರಿಯುತ್ತಿದ್ದವು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗವನ್ನು ಅಂಗೈಯಲ್ಲಿ ಹಿಡಿದು ಕೂತರೆ ಮಂತ್ರ ಮರೆತುಹೋಗುವುದು; ಬಾಯಲ್ಲಿ ಬರುವುದು ಬಾಳು, ಬಾಳು, ಬಾಳು ಎಂಬ ಒಂದೇ ಹೆಸರು. ಅವನೊಬ್ಬನನ್ನು ಉಳಿಸು, ಮತ್ತೇನೂ ಕೇಳುವುದಿಲ್ಲ ಎಂದು ಶಿವನಿಗೆ ಮಾತು ಕೊಟ್ಟಳು. ಇದೇ ಮಾತನ್ನು ತುಳಜಾಪುರದ ಭವಾನಿಗೂ ಕೊಟ್ಟಳು. ಹೆದ್ದಾರಿಯ ಮೇಲೆ ಎಸ್.ಟಿ. ಬಸ್ಸು ನಿಂತು ಯಾರಾದರೂ ಇಳಿದರೆ ಸಾಕು, ಅವರು ತನ್ನ ಮನೆಯ ಕಡೆ ತಿರುಗದೆ ಇರಲಿ ಎಂದು ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

ಸೊಸೆಯ ಮೇಲೆ ಅವಳಿಗೆ ಒಳಗೊಳಗೇ ಸಿಟ್ಟೂ ಬಂದಿತ್ತು. ಕೆಲಸ ಮುಗಿಸಿದ್ದೇ ಸ್ವಪ್ನಾಲಿ ಹೋಗಿ ಕಿಲ್ಲೆಯ ಮುಂದೆ ಕೂತುಬಿಡುತ್ತಿದ್ದಳು. ಮಡಿಲಲ್ಲಿ ಫೋನು, ಕಣ್ಣು ಕಿಲ್ಲೆಯ ಮೇಲೆ. ಗಂಡನ ಸುದ್ದಿ ಇಲ್ಲ, ಇವಳಿಗೆ ಇನ್ನೂ ಆಟದ ಧ್ಯಾಸ ಎಂದುಕೊಂಡಳು ಮುಕ್ತಾಬಾಯಿ.

“ನೀ ಆ ದಾಳ ಒಗಿಬ್ಯಾಡ,” ಎಂದಳು ಒಮ್ಮೆ, ಹೋಗಿ ಎದುರಿಗೆ ನಿಂತು.

“ಒಗಿಯಲ್ರಿ ಅತ್ತಿ.”

“ಆಟ ಮುಗೀತಂತ ತಿಳಕೋ. ಎಲ್ಲಾ ತಗದು ಡಬ್ಬ್ಯಾಗ ಹಾಕು.”

“ಅದು ಆಗಲ್ರಿ.” ಸ್ವಪ್ನಾಲಿ ತಲೆ ಎತ್ತಲಿಲ್ಲ. “ಅವರು ಬರೋತನ ಹಂಗೇ ಇರ್ಲಿ.”

ಮುಕ್ತಾಬಾಯಿ ಇನ್ನೊಂದು ಮಾತು ಆಡಲಿದ್ದಳು, ನುಂಗಿಕೊಂಡಳು. ಹಬ್ಬದ ಹೊತ್ತಿನಲ್ಲಿ ಬಾಯಿಂದ ಕೆಟ್ಟದ್ದು ಬರಬಾರದು.

ಕೆಟ್ಟದ್ದನ್ನು ಆಡಿದವಳು ಶಿವಕಾಂತಮ್ಮ. ಬಾಜೂ ಮನೆಯವಳು, ಬಾಯಿ ಸ್ವಲ್ಪ ಸಡಿಲು. ಲಕ್ಷ್ಮೀಪೂಜೆಯ ದಿನ ಬಾಳೆಹಣ್ಣು ಕೊಡಲು ಬಂದವಳು ಬೇವಿನ ಗಿಡದ ಕೆಳಗೆ ನಿಂತು ನೋಡಿಯೇ ನೋಡಿದಳು.

“ಮುಕ್ತಾ, ನೀ ಸಿಟ್ಟಾಗಬ್ಯಾಡ. ಹಬ್ಬದಾಗ ಮಂದಿ ಹೊಸಾ ಕಿಲ್ಲಾ ಕಟ್ಟತಾರ. ನೀವು ಬಿದ್ದ ಗ್ವಾಡಿ, ಸತ್ತ ಸಿಪಾಯಿ ಇಟಗೊಂಡು ಕೂತೀರಿ. ಮಗಾ ಫೌಜದಾಗ ಇದ್ದ ಮನಿ ಇದು. ಲಕ್ಷ್ಮಿ ಹ್ಯಾಂಗ ಒಳಗ ಬರ್ತಾಳ?”

ಚಹಾ ಕುಡಿದು ಅವಳು ಹೋದಳು. ಮಾತು ಹೋಗಲಿಲ್ಲ. ಪೂಜೆಗೆ ಕೂತಾಗ ಮುಕ್ತಾಬಾಯಿಗೆ ಲಕ್ಷ್ಮಿಯ ಮುಖ ಕಾಣಲೇ ಇಲ್ಲ. ಪಾಚಿಯ ಮೇಲೆ ಮಲಗಿದ ಸಣ್ಣ ಸಣ್ಣ ಸಿಪಾಯಿಗಳೇ ಕಂಡವು. ಇಷ್ಟು ದಿನ ಇದು ತನಗೆ ಹೊಳೆಯಲಿಲ್ಲವಲ್ಲ ಎಂದುಕೊಂಡಳು. ಗೋಡೆ ಒಡೆದಿದೆ, ವೈರಿ ಬಂದು ನಿಂತಿದ್ದಾನೆ, ಮಗ ಒಬ್ಬನೇ ಇದ್ದಾನೆ, ಇದನ್ನೆಲ್ಲ ತಾವೇ ಕೈಯಾರೆ ಮಾಡಿ ಮನೆಯ ಮುಂದೆ ಇಟ್ಟುಕೊಂಡಿದ್ದಾರೆ. ಇನ್ನೇನಾಗಬೇಕು?

ಮರುದಿನ ಪಾಡ್ಯ. ಸೆಗಣಿಯಲ್ಲಿ ಐದು ಮಂದಿ ಪಾಂಡವರನ್ನು ಮಾಡಿ, ತಲೆಗೆ ಚೆಂಡುಹೂ ಚುಚ್ಚಿ, ಹೊಸ್ತಿಲ ಹತ್ತಿರ ಕೂಡಿಸುವ ದಿನ. ಮನೆ ಕಾಯಲಿ ಎಂದು ಕೂಡಿಸುವುದು. ಬೆಳಕು ಹರಿಯುತ್ತಲೇ ಮುಕ್ತಾಬಾಯಿ ಸ್ನಾನ ಮುಗಿಸಿ, ಕೊಟ್ಟಿಗೆಯಿಂದ ಹಸೀ ಸೆಗಣಿ ತುಂಬಿದ ಬುಟ್ಟಿ ಹಿಡಿದು ಅಂಗಳಕ್ಕೆ ಬಂದಳು. ಮಾಣಿಕಪ್ಪ ಎಮ್ಮೆ ಹಿಂಡುತ್ತಿದ್ದ. ಸ್ವಪ್ನಾಲಿಗೆ ಬಹಳ ದಿನದ ಮೇಲೆ ನಿದ್ದೆ ಹತ್ತಿತ್ತು, ಎದ್ದಿರಲಿಲ್ಲ.

ಕಿಲ್ಲೆಯನ್ನು ಮುಟ್ಟಬೇಕೆಂದು ಅವಳು ಬಂದವಳಲ್ಲ. ಆದರೆ ಕೈಯಲ್ಲಿ ಸೆಗಣಿ ಇದೆ, ಕಣ್ಣೆದುರು ಬಿರುಕುಬಿಟ್ಟ ಗೋಡೆ ಇದೆ. ಹುಟ್ಟಿದಂದಿನಿಂದ ಗೋಡೆ ಮೆತ್ತಿ ನೆಲ ಸಾರಿಸಿದ ಹೆಂಗಸು ಅವಳು, ಕೈ ಸುಮ್ಮನಿರಲಿಲ್ಲ. ಜಾಲಿಮುಳ್ಳು ಸರಿಸಿದಳು. ಮೊದಲು ಆ ಒಡೆದ ಬಾಯಿಗೆ ಒಂದು ಹಿಡಿ ಒತ್ತಿದಳು. ಅದು ಮುಚ್ಚಿದ್ದೇ ಎದೆ ಎಷ್ಟೋ ಹಗುರಾಯಿತು. ಆಮೇಲೆ ತಡೆಯುವವರೇ ಇಲ್ಲ. ಕುಸಿದ ಬುರುಜನ್ನು ಎಬ್ಬಿಸಿದಳು, ಅರಳಿಯ ಸಸಿ ಕಿತ್ತಳು, ಪಾಚಿ ಕೆರೆದಳು, ಗೋಡೆಗಳನ್ನೆಲ್ಲ ಒಳಗೆ ಹೊರಗೆ ನುಣ್ಣಗೆ ಸಾರಿಸಿ, ಕೆಮ್ಮಣ್ಣಿನಲ್ಲಿ ಅಂಚು ಎಳೆದಳು. ಓರೆಯಾದ ಬಾಗಿಲನ್ನು ನೇರ ಮಾಡಿ ಹಾಕಿದಳು. ಬಾಗಿಲ ಹತ್ತಿರದ ಹಳದಿ ಪೇಟದವನು ಹೊರಗೇ ಉಳಿದದ್ದನ್ನು ನೋಡಲಿಲ್ಲ. ಕರಿ ಅಂಗಿಯವರನ್ನು ಹೆಕ್ಕಿ ಹೆಕ್ಕಿ ಸೆರಗಿಗೆ ಹಾಕಿಕೊಂಡು ಹೋಗಿ ದೂರ ಬಾವಿಕಟ್ಟೆಯ ಹಿಂದೆ ಸುರಿದು ಬಂದಳು. ಮಲಗಿದ್ದ ಹಳದಿ ಪೇಟದವರನ್ನು ಒಬ್ಬೊಬ್ಬರನ್ನಾಗಿ ಎತ್ತಿ ನಿಲ್ಲಿಸಿದಳು. ಕೊನೆಗೆ ಈಟಿಯವನನ್ನು ಎತ್ತಿ ಸೆರಗಿನಿಂದ ಒರೆಸಿ, ಕಿಲ್ಲೆಯ ನಟ್ಟನಡುವೆ ಇಟ್ಟಳು. ಹೊಸ್ತಿಲಿಗೆ ಕೂಡಿಸಬೇಕಿದ್ದ ಐದೂ ಪಾಂಡವರನ್ನು ಉಳಿದ ಸೆಗಣಿಯಲ್ಲಿ ಮಾಡಿ ಅವನ ಸುತ್ತ ಕೂಡಿಸಿದಳು. ಧರ್ಮರಾಯ, ಭೀಮ, ಅರ್ಜುನ, ನಕುಲ, ಸಹದೇವ, ಎಲ್ಲರ ತಲೆಯ ಮೇಲೂ ಚೆಂಡುಹೂ. ಅವರ ನಡುವೆ ಈಟಿಯವನು ಕಾಣುತ್ತಲೇ ಇರಲಿಲ್ಲ. ಅದೇ ಅವಳಿಗೆ ಬೇಕಾಗಿತ್ತು.

ಕೈ ತೊಳೆದುಕೊಂಡು ತಿರುಗಿದರೆ ಸ್ವಪ್ನಾಲಿ ನಿಂತಿದ್ದಳು. ಕೆದರಿದ ಕೂದಲು, ಕೈಯಲ್ಲಿ ಫೋನು.

ಮುಕ್ತಾಬಾಯಿ ಜಗಳಕ್ಕೆ ತಯಾರಾದಳು. ಹಬ್ಬದ ದಿನ ಹಾಳು ಗೋಡೆ ಇರಬಾರದು, ನನ್ನ ಮನೆ, ನನ್ನ ಮಗ, ಇಂಥ ನಾಲ್ಕು ಮಾತು ಬಾಯಲ್ಲಿ ಹೊಂದಿಸಿಕೊಂಡಳು. ಸೊಸೆ ಜಗಳ ಮಾಡಲಿಲ್ಲ. ಇದ್ದಲ್ಲಿಯೇ ಕುಸಿದು ಕೂತಳು.

“ನಾ ಇಷ್ಟು ದಿನಾ ಇದನ್ನ ಯಾಕ ಕಾದೆ ಗೊತ್ತದೇನ್ರಿ ನಿಮಗ?” ಎಂದಳು. ದನಿ ಏರಲಿಲ್ಲ. “ಎಲ್ಲಿ ಬಿಟ್ಟು ಹೋಗ್ಯಾರೋ ಅಲ್ಲಿಂದೇ ಬಂದು ಶುರು ಮಾಡ್ತಾರ ಅಂತ ಕಾದೆ. ಒಂದು ಹರಳು ಭೀ ಸರೀಬಾರ್ದು, ಸರಿದ್ರ ಅವರು ಬರಲ್ಲ ಅಂತ ನನ್ನ ತಲ್ಯಾಗ ಹೊಕ್ಕೊಂಡಿತ್ತು. ಅವರು ಬರ್ತಾರ ಅಂಬೋದಕ್ಕ ನನ್ನ ಹತ್ರ ಇದ್ದದ್ದು ಅದೊಂದೇ ಇತ್ರಿ ಅತ್ತಿ.”

ಒಂದೇ ಮನೆಯಲ್ಲಿ, ಒಂದೇ ಹೆದರಿಕೆಗೆ, ಒಬ್ಬಳು ಏನನ್ನೂ ಮುಟ್ಟದೆ ಕೂತಿದ್ದಳು, ಇನ್ನೊಬ್ಬಳು ಎಲ್ಲವನ್ನೂ ಮುಟ್ಟಿ ಬಿಟ್ಟಳು. ತಾನು ಇವಳನ್ನು ಆಟದ ಹುಚ್ಚಿ ಎಂದುಕೊಂಡಿದ್ದು ನೆನೆದು ಅವಳಿಗೆ ನಾಚಿಕೆಯಾಯಿತು. ಹೋಗಿ ಸೊಸೆಯ ಹತ್ತಿರ ಕೂತು ತಲೆ ಸವರಲು ಕೈ ಎತ್ತಿದಳು. ಕೈಗೆ ಇನ್ನೂ ಸೆಗಣಿಯ ವಾಸನೆ ಇತ್ತು, ಹಿಂದೆ ತೆಗೆದುಕೊಂಡಳು. ಸ್ವಪ್ನಾಲಿ ಆ ಕೈಯನ್ನು ತಾನೇ ಹಿಡಿದು ಮುಖಕ್ಕೆ ಒತ್ತಿಕೊಂಡಳು. ಇಬ್ಬರೂ ಅತ್ತರು. ಎಮ್ಮೆ ಬಿಟ್ಟು ಬಂದ ಮಾಣಿಕಪ್ಪ ಹಾಲಿನ ಚರಿಗೆ ಹಿಡಿದು ದೂರವೇ ನಿಂತ.

ಆಗಲೇ ಫೋನು ಬಡಿದುಕೊಂಡಿತು.

ಯಾರದೋ ಗೊತ್ತಿಲ್ಲದ ನಂಬರು. ಸ್ವಪ್ನಾಲಿ ಕಿವಿಗಿಟ್ಟುಕೊಂಡಳು, ಕಣ್ಣು ಮುಚ್ಚಿಕೊಂಡಳು. ಮುಕ್ತಾಬಾಯಿ ಅವಳ ಮುಖವನ್ನೇ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಸ್ವಪ್ನಾಲಿ ಫೋನನ್ನು ಸ್ಪೀಕರಿಗೆ ಹಾಕಿ ಅತ್ತೆಯ ಮುಂದೆ ಹಿಡಿದಳು.

“ಅವ್ವಾ, ನಾ. ಚಂದ ಅದೀನಿ. ಎಡಗೈಗಿ ಪಟ್ಟಿ ಕಟ್ಯಾರ, ಅಷ್ಟೇ.”

ಮುಕ್ತಾಬಾಯಿಗೆ ಜೀವ ಬಂದ ಹಾಗಾಯಿತು. ಕೇಳಬೇಕಾದ್ದು ನೂರು ಇದ್ದವು. ಬಾಯಿಂದ ಬಂದದ್ದು, “ಉಂಡೇನಪಾ?” ಎಂಬುದೊಂದೇ.

“ಉಂಡೆ.” ಆ ಕಡೆ ಗಾಳಿಯ ಸದ್ದು ಕೇಳುತ್ತಿತ್ತು. ಆಮೇಲೆ ಹೇಳಿದ: “ಕೈಲಾಸ ಹೋದ, ಅವ್ವಾ.”

ಮಾಣಿಕಪ್ಪ ಹಾಲಿನ ಚರಿಗೆಯನ್ನು ನೆಲಕ್ಕಿಟ್ಟು ಹತ್ತಿರ ಬಂದ.

“ನಾ ಮುಂದ ಇದ್ದೆ. ಅಂವ ನನ್ನ ಹಿಂದ ಇದ್ದ. ನನಗ ಏನೂ ಆಗಲಿಲ್ಲ.” ಮಗನ ದನಿ ಚಿಕ್ಕ ಹುಡುಗನ ದನಿಯಂತಾಗಿತ್ತು. “ಸಾಹೇಬರು ಕೈಲಾಸನ ಕಾಕಾಗ ಹೇಳ್ಯಾರ. ಫೌಜಿನ ಕಾಗದದಾಗ ಕಾಕಾನ ನಂಬರೇ ಇತ್ತು. ಅಂವ ಲಾತೂರದಾಗ ಇರ್ತಾನ, ಹಬ್ಬದ ದಿವಸ ಹ್ಯಾಂಗ ಹೇಳ್ಲಿ ಅಂತ ಇನ್ನಾ ಅವರ ಅವ್ವಗ ಹೇಳಿಲ್ಲ. ಆಕಿ ಒಬ್ಬಾಕೇ ಅದಾಳ ಮನ್ಯಾಗ. ಲೈನ್ ಬಂದಾಗಿಂದ ನನ್ನ ನಂಬರಿಗಿ ಫೋನ್ ಮಾಡ್ಲಕತ್ಯಾಳ. ನಾ ಎತ್ತಿಲ್ಲ, ಅದಕ್ಕೇ ಬ್ಯಾರೇವ್ರ ಫೋನಿಂದ ನಿಮಗ ಹಚ್ಚೀನಿ. ಏನ್ ಹೇಳ್ಲಿ ಅವ್ವಾ ಆಕಿಗಿ?”

ಮುಕ್ತಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಸಾವಿನ ಮನೆಯಲ್ಲಿ ಏನು ಮಾಡಬೇಕೆಂಬುದು ಅವಳಿಗೆ ಗೊತ್ತಿತ್ತು.

“ನೀ ಏನೂ ಹೇಳಬ್ಯಾಡ. ಈಗ ಎತ್ತಲೂಬ್ಯಾಡ,” ಎಂದಳು. “ಒಬ್ಬಾಕಿ ಇದ್ದಾಗ ಇಂಥಾದ್ದು ಕಿವಿಗಿ ಬೀಳಬಾರ್ದು. ನಿಲಂಗಾ ಏನ್ ದೂರಾ? ನಾ ಹೋಗ್ತೀನಿ. ಆಕಿ ಬಾಜೂಕ ನಾ ಕೂತ ಮ್ಯಾಲ ನಿನಗ ಫೋನ್ ಹಚ್ಚತೀನಿ. ಆಗ ಮಾತಾಡು.”

ಫೋನು ಇಟ್ಟ ಮೇಲೆ ಮಾಣಿಕಪ್ಪ ತಾನೂ ಬರುತ್ತೇನೆಂದು ರುಮಾಲು ತೆಗೆದುಕೊಂಡ. “ನೀವು ಬ್ಯಾಡ್ರಿ,” ಎಂದಳು ಮುಕ್ತಾಬಾಯಿ. “ಹಬ್ಬದ ದಿವಸ ಬಾಗಲಿಗಿ ಗಂಡಸ್ರು ಬಂದ್ರ ನೋಡಿದ ಕೂಡಲೇ ತಿಳಕೋತಾಳ. ನಾನೂ ಸ್ವಪ್ನಾಲಿನೂ ಹೋಗ್ತೇವು.”

ಉಮರ್ಗಾಗೆ ಹೋಗಿ ನಿಲಂಗೆಯ ಬಸ್ಸು ಹಿಡಿದರು. ಪಾಡ್ಯದ ಬಸ್ಸು, ಕಾಲಿಡಲು ಜಾಗವಿಲ್ಲ. ತವರಿಗೆ ಹೊರಟ ಹೆಂಗಸರು, ಹೊಸ ಬಟ್ಟೆಯ ಮಕ್ಕಳು, ಡಬ್ಬಿ ತುಂಬ ಚಕ್ಕುಲಿ, ಕರಜಿಕಾಯಿಯ ಫರಾಳ. ಸ್ವಪ್ನಾಲಿ ಹೇಗೋ ಅತ್ತೆಗೆ ಕಿಟಕಿಯ ಪಕ್ಕ ಜಾಗ ಮಾಡಿಕೊಟ್ಟಳು. ಹೊರಗೆ ತೊಗರಿ ಹೂಬಿಟ್ಟು ನಿಂತಿತ್ತು. ಮುಕ್ತಾಬಾಯಿ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಕೂಡಿಸಿದಳು, ಮುರಿದಳು, ಮತ್ತೆ ಕೂಡಿಸಿದಳು. ಶಿವನ ಇಚ್ಛೆ ಅನ್ನಲೇ? ದೇಶಕ್ಕಾಗಿ ಅನ್ನಲೇ? ಯಾವುದೂ ಬಾಯಿಗೆ ಬರಲಿಲ್ಲ. ತನಗೇ ಯಾರಾದರೂ ಬಂದು ಹೀಗಂದಿದ್ದರೆ ಅವರನ್ನು ಹೊಸ್ತಿಲು ದಾಟಿಸುತ್ತಿದ್ದಳೇ?

ಕಾಸಾರ ಶಿರಸಿ ದಾಟಿದ ಮೇಲೆ ಇನ್ನೊಂದು ವಿಚಾರ ಬಂದು ಅವಳನ್ನು ಹಿಡಿಯಿತು. ಇಷ್ಟು ದಿನ ದೇವರ ಮುಂದೆ ಕೂತಾಗ ಕೈಲಾಸನ ಹೆಸರು ಒಂದು ಸಲವೂ ತೆಗೆಯಲಿಲ್ಲ. ಅವ್ವಾ ಎಂದು ಬಾಯಿತುಂಬ ಕರೆದವನು. ಅವನೊಬ್ಬನನ್ನು ಉಳಿಸು ಎಂದೇ ಬೇಡಿದಳು, ಮತ್ತೇನೂ ಕೇಳುವುದಿಲ್ಲ ಎಂದೂ ಸೇರಿಸಿದಳು. ಬೆಳಿಗ್ಗೆ ಐದೂ ಮಂದಿಯನ್ನು ತನ್ನ ಮಗನ ಸುತ್ತ ಕೂಡಿಸಿ, ಬಾಗಿಲವನನ್ನು ಹೊರಗೆ ಬಿಟ್ಟು ಬಾಗಿಲು ಹಾಕಿದಳು. ಅಷ್ಟು ಹೊತ್ತಿಗಾಗಲೇ ಅವನು ಹೋಗಿದ್ದ, ತನ್ನ ಬೇಡಿಕೆಯಿಂದ ಯಾರೂ ಸಾಯುವುದಿಲ್ಲ, ಇದೆಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಆ ವಿಚಾರ ಅವಳನ್ನು ಬಿಡಲಿಲ್ಲ.

“ಅತ್ತಿ, ನೀರ್ ಕುಡೀರಿ,” ಎಂದು ಸ್ವಪ್ನಾಲಿ ಬಾಟಲಿ ಕೊಟ್ಟಳು.

ನಿಲಂಗೆಯ ಬಜಾರದ ಹಿಂದಿನ ಗಲ್ಲಿಯಲ್ಲಿ ಕೈಲಾಸನ ಮನೆ. ಕೇಳಿಕೊಂಡು ಹೋದರು. ಫೌಜಿಯ ಮನೆ ಅಂದರೆ ಎಲ್ಲರೂ ನಗುನಗುತ್ತ ತೋರಿಸಿದರು. ಗಲ್ಲಿಗೂ ಇನ್ನೂ ಗೊತ್ತಿಲ್ಲ. ಬಾಗಿಲಲ್ಲಿ ಹೊಸ ರಂಗೋಲಿ ಇತ್ತು. ಮುಕ್ತಾಬಾಯಿ ಅದನ್ನು ತುಳಿಯದ ಹಾಗೆ ಬದಿಯಿಂದ ಹತ್ತಿದಳು.

ಬಾಗಿಲು ತೆಗೆದ ಶಕುಂತಲಾಬಾಯಿ ತೆಳ್ಳನೆಯ ಹೆಂಗಸು, ಕೈಲಾಸನದೇ ಮೂಗು. ಒಂದು ಕೈಯಲ್ಲಿ ಸಟ್ಟುಗ, ಇನ್ನೊಂದರಲ್ಲಿ ಫೋನು. ಬಂದವರನ್ನು ಒಂದು ಗಳಿಗೆ ದಿಟ್ಟಿಸಿದವಳ ಮುಖ ಅರಳಿತು.

“ಬಾಳುನ ಅವ್ವ ಅಲ್ರಿ ನೀವು? ಫೋಟೋದಾಗ ನೋಡೀನಿ. ಇಕಿ ಆ ಕಿಲ್ಲಾ ಕಟ್ಟೋ ಸೊಸಿ. ಬರ್ರಿ, ಒಳಗ ಬರ್ರಿ. ಹಬ್ಬದ ದಿವಸ ಬಂದೀರಿ, ಎಷ್ಟ್ ಚಂದ ಆಯ್ತು.”

ಚಾಪೆ ಹಾಸಿದಳು, ನೀರು ಕೊಟ್ಟಳು, ತಾಟಿನಲ್ಲಿ ಶಂಕರಪಾಳಿ ತಂದಿಟ್ಟಳು. ಯಾರಿಗೂ ಮಾತಾಡಲು ಬಿಡಲಿಲ್ಲ. ಮುಕ್ತಾಬಾಯಿ ಅವಳ ಕೈ ಹಿಡಿದು ಕೂಡಿಸಬೇಕೆಂದು ಎರಡು ಸಲ ನೋಡಿದಳು, ಅವಳು ಮತ್ತೆ ಎದ್ದು ಒಲೆ ಸಣ್ಣ ಮಾಡಲು ಹೋದಳು. ಕೊನೆಗೆ ತಾನೇ ಬಂದು ಎದುರಿಗೆ ಕೂತಳು. ಕೂತವಳ ಮುಖ ಒಮ್ಮೆಲೇ ಸಣ್ಣಗಾಯಿತು. ಇಷ್ಟು ಹೊತ್ತು ಓಡಾಡಿದ್ದು ಇದನ್ನು ಕೇಳಲು ಹೆದರಿಯೇ ಎಂದು ಮುಕ್ತಾಬಾಯಿಗೆ ಗೊತ್ತಾಯಿತು.

“ಒಂದ್ ಕೇಳ್ತೀನಿ, ತಪ್ಪ ತಿಳೀಬ್ಯಾಡ್ರಿ,” ಎಂದಳು ಶಕುಂತಲಾಬಾಯಿ. “ನಿಮ್ಮ ಬಾಳು ಚಂದ ಅದಾನಿಲ್ರಿ? ನಮ್ಮಂವ ಎಂದೂ ಫೋನ್ ಎತ್ತಂವ ಅಲ್ಲ, ಮಕ್ಕೊಂಡೇ ಇರ್ತಾನ. ಅದಕ್ಕ ನಾ ಬಾಳುಗೇ ಹಚ್ಚೋದು, ಅಂವ ಒಂದೇ ರಿಂಗಿಗಿ ಎತ್ತತಾನ. ಮುಂಜಾನಿಯಿಂದ ಹಚ್ಲಕತ್ತೀನಿ, ಎತ್ತವಲ್ಲ. ಟಿವಿದಾಗ ಏನೇನೋ ಹೇಳ್ತಾರ. ನನಗ ಬಾಳುಂದೇ ಕಾಳಜಿ ಹತ್ಯದ. ದೇವ್ರ ಮುಂದ ದೀಪಾ ಭೀ ಹಚ್ಚೀನಿ ಅವಂದು.”

ಪಕ್ಕದಲ್ಲಿ ಸ್ವಪ್ನಾಲಿ ತಲೆ ತಗ್ಗಿಸಿದಳು.

“ಅದಾನ್ರಿ,” ಎಂದಳು ಮುಕ್ತಾಬಾಯಿ. “ಬಾಳು ಚಂದ ಅದಾನ.”

“ಶಿವಾ, ನಿನ್ನ ದಯಾ,” ಎಂದು ಶಕುಂತಲಾಬಾಯಿ ಎರಡೂ ಕೈ ಎದೆಗೆ ಒತ್ತಿಕೊಂಡಳು. ಅವಳ ಕಣ್ಣಲ್ಲಿ ನೀರು ಬಂತು. ನಗುತ್ತ ಅದನ್ನು ಒರೆಸಿಕೊಂಡಳು, ತಾಟನ್ನು ಮುಂದಕ್ಕೆ ತಳ್ಳಿದಳು, ತಿನ್ನಿರಿ ಎನ್ನಲು ಬಾಯಿ ತೆರೆದಳು. ಬಂದವರು ಇಬ್ಬರೂ ಒಂದು ಚೂರೂ ಮುಟ್ಟಿರಲಿಲ್ಲ. ಒಬ್ಬಳ ಮುಖದಿಂದ ಇನ್ನೊಬ್ಬಳ ಮುಖಕ್ಕೆ ಅವಳ ಕಣ್ಣು ಹೋಗಿ ಬಂತು.

“ಹಂಗಾರ ಹಬ್ಬಾ ಬಿಟ್ಟು ನೀವ್ ಯಾಕ ಬಂದೀರಿ?” ಎಂದಳು.

ಮುಕ್ತಾಬಾಯಿ ತಾಟು ಸರಿಸಿ ಅವಳ ಪಕ್ಕಕ್ಕೆ ಹೋಗಿ ಕೂತಳು.